ಅಮರಿಲ್ಲಿಸ್ ಕಳಿಸಿದ ಹೂವು

ಹೂವಂಗಡಿಯವನು ಬಾಗಿಲಿಗೆ ಒರಗಿಸಿ ಹೋದ ಪುಷ್ಪಚಕ್ರದ ನೇರಳೆ ರಿಬ್ಬನ್ನನ್ನು ಕನೆಲ್ಲಾ ಬಿಡಿಸಿ ಹಿಡಿದಳು. ಕಳಿಸಿದವರ ಹೆಸರನ್ನು ಸತ್ತವನಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಬೇಕು. ಸತ್ತವನ ತಂಗಿಯಾದ ಮೇಲೆ ಆ ಹಕ್ಕು ಅವಳದೇ. ಬೆಳಗಿನಿಂದ ಮನೆ ಹಾರುವಂತೆ ಓದುತ್ತಿದ್ದವಳ ದನಿ ಈ ಸಲ ಮಾತ್ರ ಇಳಿಯಿತು.

"ನಮ್ಮ ಲಿಗೋರಿಸ್‌ಗೆ, ಎಂದೂ ಮರೆಯದ ಅಮರಿಲ್ಲಿಸ್."

ಕಾಫಿ ಹೀರುತ್ತಿದ್ದವರೆಲ್ಲ ಬಟ್ಟಲು ಕೆಳಗಿಟ್ಟರು. ಗೀಥಿಯೊ ಬಂದರಿನಲ್ಲಿ ಆ ಹೆಸರಿನ ಹೆಂಗಸೇ ಇಲ್ಲ. ತೆರೆದ ಪೆಟ್ಟಿಗೆಯಲ್ಲಿ ಕೈಕಟ್ಟಿ ಮಲಗಿದ್ದ ಮುದಿ ದೋಣಿಕಾರ ಲಿಗೋರಿಸ್ ತನ್ನ ಪರವಾಗಿ ಒಂದು ಮಾತೂ ಆಡುವಂತಿರಲಿಲ್ಲ.

"ಅತ್ತಿಗೆ, ಯಾರೇ ಇವಳು?" ಕನೆಲ್ಲಾ ಅಣ್ಣನ ಹೆಂಡತಿಯನ್ನು ಕೇಳಿದಳು.

ಕಿಟಕಿಯ ಬಳಿ ನಿಂತಿದ್ದ ಸತ್ತವನ ಮಗಳು ಪನೋರಿಯಾಗೆ ಥಟ್ಟನೆ ಹೊಳೆಯಿತು. ಅಮರಿಲ್ಲಿಸ್ ಅಂದರೆ ಹೂವು. ಇದು ಹೆಂಗಸಲ್ಲ, ಹಡಗು. ಗಾಳಿಗೆ ಹೆದರಿ ಕೊಲ್ಲಿಯೊಳಗೆ ಬಂದು ಲಂಗರು ಹಾಕಿದ್ದ ಆ ತೈಲದ ಹಡಗನ್ನು ಅವಳು ಬೆಳಗಿನಿಂದ ನೋಡುತ್ತಲೇ ಇದ್ದಳು. ಅಪ್ಪನ ಹೆಣ ಮನೆಯಲ್ಲಿದ್ದಾಗಲೂ ಕಣ್ಣು ಅತ್ತಲೇ ಹೋಗುತ್ತಿತ್ತು, ಅದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಗಿತ್ತು. ಗಾಳಿ ಇಳಿಯುತ್ತಿತ್ತು. ಸಂಜೆಗೆ ಹಡಗು ಹೊರಟೇಬಿಡುತ್ತದೆ.

*

ಪನೋರಿಯಾ ಕರಾವಳಿ ಕಾವಲು ಪಡೆಯ ಅಧಿಕಾರಿ. ಮಾರಬಾರದೆಂದು ನಿಷೇಧಿಸಿದ ತೈಲ ಹಳೇ ಹಡಗುಗಳಲ್ಲಿ ಬಂದು, ಕೊಲ್ಲಿಯ ಹೊರಗೆ ಇನ್ನೊಂದು ಹಡಗಿಗೆ ಹರಿದು ಸಾಚಾ ಆಗಿಬಿಡುತ್ತಿತ್ತು. ಆ ಹಡಗುಗಳಿಗೆ ಹೆಸರಿನ ಮೇಲೆ ಹೊಸ ಹೆಸರು, ಬಾವುಟದ ಮೇಲೆ ಹೊಸ ಬಾವುಟ. ಲಿಗೋರಿಸ್ ಎಲ್ಲ ಹಡಗಿಗೂ ಬ್ರೆಡ್ಡು, ಈರುಳ್ಳಿ, ಔಷಧಿ ಒಯ್ದು ಕೊಡುವವನು. ಯಾವುದರ ಹುಟ್ಟುಹೆಸರು ಯಾವುದೆಂದು ಅವನಿಗೆ ಗೊತ್ತಿತ್ತು.

"ಆ ತೈಲದ ಹಡಗಿನ ಹಳೇ ಹೆಸರು ಒಂದು ಹೇಳಪ್ಪ," ಎಂದು ಅವಳು ಹಿಂದಿನ ಚಳಿಗಾಲ ಊಟದ ಮೇಜಿನಲ್ಲಿ ಅಂಗಲಾಚಿದ್ದಳು. "ನಿಷೇಧದ ಪಟ್ಟೀಲಿ ಹುಡುಕಿ ತಡೀತೀನಿ. ಆ ತುಕ್ಕು ಡಬ್ಬ ಒಡೆದ್ರೆ ಕೊಲ್ಲೀಲಿ ಒಂದು ಮೀನೂ ಉಳಿಯಲ್ಲ."

"ತಡೆದು? ಮಾಲೀಕ ಎಲ್ಲೋ ತಣ್ಣಗೆ ಕೂತಿರ್ತಾನೆ. ಹಡಗಿನ ಹುಡುಗರು ಸಂಬಳ ಇಲ್ದೆ ಅಲ್ಲೇ ಕೊಳೀತಾರೆ. ಹೋದ ಸಲ ಒಂದನ್ನ ಹಿಡಿದ್ರಲ್ಲ, ಆಮೇಲೆ ನಿಮ್ಮೋರು ಒಬ್ಬರಾದ್ರೂ ಅವರಿಗೆ ಒಂದು ತುಂಡು ಬ್ರೆಡ್ಡು ಕೊಟ್ರಾ?"

ಅವನು ಏಳುವಾಗ, "ಹೂವಿನ ಹೆಸರಿತ್ತು ಪಾಪ, ಅವಳಿಗೆ," ಎಂದು ನಾಲಿಗೆ ಕಚ್ಚಿಕೊಂಡಿದ್ದ. ಆಮೇಲೆ ಅಪ್ಪ ಮಗಳು ಸರಿಯಾಗಿ ಮಾತಾಡಲೇ ಇಲ್ಲ.

*

"ಅವಳನ್ನ ಇಟ್ಕೊಂಡಿದ್ದ," ಎಂದಳು ಲಿಗೋರಿಸ್‌ನ ಹೆಂಡತಿ ಸ್ತವ್ರುಲಾ, ಮಗಳನ್ನೇ ನೋಡುತ್ತ. "ನಂಗೊತ್ತಿತ್ತು."

ಊರಲ್ಲಿ ಯಾರೂ ಬೆರಳು ತೋರಿಸದಂತೆ ಬಾಳಿದ ಹೆಂಗಸು, ಗಂಡನ ಹೆಣದ ಮುಂದೆ ಈ ಮಾತು ಆಡಿದಳು. ರಿಬ್ಬನ್ನನ್ನು ಕಿತ್ತು, ಹೆಸರು ಕೆಳಗಾಗುವಂತೆ ಮಡಚಿ, ಗಂಡನ ಕೈಯಡಿ ತುರುಕಿದಳು.

ಪನೋರಿಯಾ ಅವಳ ಹಿಂದೆಯೇ ಅಡುಗೆಮನೆಗೆ ಹೋದಳು. "ಅಮ್ಮ, ಅದು ಹಡಗು. ಯಾಕೆ ಮಾನ ಕಳ್ಕೊಂಡೆ?"

"ಅಪ್ಪ ಆ ಹಡಗಿನೋರನ್ನ ಹಳೇ ಹೆಸರಲ್ಲೇ ಕರೀತಿದ್ದ. ಸತ್ತೋನಿಗೆ ಸುಳ್ಳು ಹೆಸರು ಬರೆಸೋಕೆ ಹುಡುಗರಿಗೆ ಮನಸ್ಸು ಬಂದಿಲ್ಲ." ಸ್ತವ್ರುಲಾ ಒಲೆಯ ಬಾಗಿಲು ತೆರೆದಳು, ಸಾವಿನ ಮನೆಯಲ್ಲೂ ಬ್ರೆಡ್ಡು ಬೇಯುತ್ತಿತ್ತು. "ಹೆಂಗಸು ಅಂದ್ಕೊಂಡ್ರೆ ಯಾರೂ ಹಡಗು ಹುಡುಕಲ್ಲ. ಮಣ್ಣು ಮಾಡೋ ತನಕ ನೀನೂ ಯಾರಿಗೂ ಹೇಳ್ದೆ ತಡ್ಕೋ. ಅಷ್ಟೇ ಕೇಳೋದು."

ಸ್ಮಶಾನದಲ್ಲಿ ಕನೆಲ್ಲಾ ಹಾಡಿ ಅತ್ತಳು. ಅಲ್ಲಿಯ ಹೆಂಗಸರು ಹಾಡಿ ಅಳುವಾಗ ಸತ್ತವನದು ಏನನ್ನೂ ಮುಚ್ಚಿಡುವುದಿಲ್ಲ. ಅಲೆಯ ಮೇಲಿನ ಹೆಂಡತಿ ಅಮರಿಲ್ಲಿಸ್ ಕೂಡ ಹಾಡಿನೊಳಗೆ ಬಂದಳು. ಹಿಂದಿನ ಸಾಲಿನ ಗಂಡಸರು ಮೀಸೆಯಡಿ ನಕ್ಕರು. ಪನೋರಿಯಾಗೆ ಅವರ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಗಾಳಿ ಪೂರ್ತಿ ನಿಂತಿತ್ತು. ಮೊದಲ ಹಿಡಿ ಮಣ್ಣು ಬಿದ್ದದ್ದೇ ಸೈಪ್ರೆಸ್ ಮರದ ಹಿಂದೆ ಹೋಗಿ ಕಚೇರಿಗೆ ಫೋನು ಮಾಡಿ ಆ ಹೆಸರು ಹೇಳಿದಳು. ಹೇಳಿದ ಮೇಲೆ ಗೆದ್ದೆ ಅನ್ನಿಸಲಿಲ್ಲ. ಅಪ್ಪನ ಕೈಯೊಳಗಿಂದ ಕದ್ದೆ ಅನ್ನಿಸಿತು.

ಜೆಟ್ಟಿಯಲ್ಲಿ ಗಸ್ತು ದೋಣಿ ಎಂಜಿನ್ ಹಾಕಿಕೊಂಡೇ ಕಾಯುತ್ತಿತ್ತು. ಅದರ ಪಕ್ಕದಲ್ಲಿ ಕರಿ ಬಟ್ಟೆಯ ಸ್ತವ್ರುಲಾ, ಕಾಲ ಬಳಿ ಬ್ರೆಡ್ಡಿನ ಬುಟ್ಟಿ.

"ಮೊದಲು ಇದನ್ನ ಕೊಡು. ಆಮೇಲೆ ನಿನ್ನ ಕೆಲಸ," ಎಂದಳು. "ಅವರು ಎಷ್ಟು ದಿನ ಇರ್ತಾರೋ ಅಷ್ಟು ದಿನ ನಾನು ಬೇಯಿಸ್ತೀನಿ. ಒಯ್ಯೋಳು ನೀನೇ."

ಪನೋರಿಯಾ ಬುಟ್ಟಿ ಎತ್ತಿಕೊಂಡಳು. ಬಿಸಿ ಇನ್ನೂ ಆರಿರಲಿಲ್ಲ.

ಹಡಗಿನ ಬಾವುಟ ಅರ್ಧಕ್ಕೆ ಇಳಿದಿತ್ತು. ಕಟಾಂಜನದ ಉದ್ದಕ್ಕೂ ನಾವಿಕರು ಟೋಪಿ ತೆಗೆದು ನಿಂತಿದ್ದರು. ಅವಳ ಹಿಂದೆ ಅಧಿಕಾರಿಗಳು ಕಾಗದಪತ್ರ ಹಿಡಿದು ನಿಂತದ್ದು ಅವರಿಗೆ ಕಂಡಿರಬೇಕು. ಆದರೂ ಯಾರೋ ಒಬ್ಬ ಬಗ್ಗಿದ. ಲಿಗೋರಿಸ್‌ನ ದೋಣಿಗೆ ಇಳಿಸುತ್ತಿದ್ದ ಹಾಗೆಯೇ, ಹಗ್ಗಕ್ಕೆ ಕಟ್ಟಿದ ಖಾಲಿ ಬಕೆಟ್ಟು ಮೆಲ್ಲಗೆ ಇಳಿದು ಬಂದು ಅವಳ ಕೈಯೆದುರು ನಿಂತಿತು.