ಎರಡನೇ ತಂಡದ ಸೊಸೆ

ಸೊಸೆ ಗೋಲ್‌ಕೀಪರ್. ಅತ್ತೆ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಆರು ವರ್ಷದಿಂದ ಸೊಸೆ ಫುಟ್‌ಬಾಲ್ ಕ್ಲಬ್ಬಿನ ಎರಡನೇ ತಂಡದಲ್ಲೇ ಇದ್ದಳು. ಆ ಪಂದ್ಯಗಳಿಗೆ ಬರುತ್ತಿದ್ದವರು ಆಟಗಾರ್ತಿಯರ ಮನೆಯವರು, ಬಿಟ್ಟರೆ ನಾಯಿ ಸುತ್ತಾಡಿಸಲು ಬಂದವರು. ಅತ್ತೆ ಮಾತ್ರ ಮಡಿಚುವ ಕುರ್ಚಿ ಹೊತ್ತು ತಂದು ಗೋಲಿನ ಹಿಂದೆಯೇ ಕೂರುತ್ತಿದ್ದರು.

ಎದುರು ತಂಡದವಳು ಚೆಂಡು ತಂದಳೋ, ಅತ್ತೆ ಇಡೀ ಮೈದಾನಕ್ಕೆ ಕೇಳುವಂತೆ, "ನಮ್ಮ ಹುಡುಗಿಗೆ ಎಡಗಡೆ ಮೊಣಕಾಲು ನೋವು ಕಣಮ್ಮ, ಆ ಕಡೆ ಮಾತ್ರ ಒದೀಬೇಡ" ಅನ್ನುವರು. ಅವಳು ಆ ಕಡೆಗೇ ಒದೆಯುವಳು. ಸೊಸೆ ಅಷ್ಟರಲ್ಲಿ ಅಲ್ಲಿಗೇ ಹಾರಿರುವಳು. ಮೊಣಕಾಲಿಗೆ ಏನೂ ಆಗಿರಲಿಲ್ಲ.

"ಇದು ಮೋಸ ಅಲ್ವಾ ಅತ್ತೆ?"

"ಮೊಣಕಾಲು ನಿಂದು, ಚಿಂತೆ ನಂದು. ಇದ್ರಲ್ಲಿ ಮೋಸ ಎಲ್ಲಿ ಬಂತು?"

ಒಂದು ಗುರುವಾರ ಮೊದಲ ತಂಡದ ಗೋಲ್‌ಕೀಪರ್ ಕಾರಿನ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡಳು. ಭಾನುವಾರ ಸೊಸೆ ದೊಡ್ಡ ಮೈದಾನಕ್ಕೆ ಇಳಿದಳು. ಇಪ್ಪತ್ತು ಸಾವಿರ ಜನ. ಅತ್ತೆಗೆ ಸಿಕ್ಕಿದ್ದು ಮೇಲಂತಸ್ತಿನ ಕೊನೇ ಸಾಲು.

ಇಪ್ಪತ್ತೈದು ನಿಮಿಷ ಚೆಂಡೇ ಬರಲಿಲ್ಲ. ಎರಡನೇ ತಂಡದಲ್ಲಾದರೆ ಅಷ್ಟು ಹೊತ್ತಿಗೆ ಹತ್ತು ಸಲ ಮಣ್ಣು ಮುಕ್ಕಿರುತ್ತಿದ್ದಳು. ಇಲ್ಲಿ ಗ್ಲೌಸಿಗೆ ಕೊಳೆಯೂ ಹತ್ತಲಿಲ್ಲ. ಮುಂದೆ ನಿಂತ ಡಿಫೆಂಡರಿಗೆ "ಹಿಂದೆ ನೋಡು" ಎಂದು ಕೂಗಿದಳು. ಆ ಗದ್ದಲದಲ್ಲಿ ತನ್ನ ದನಿ ತನಗೇ ಕೇಳಿಸಲಿಲ್ಲ. ಅಷ್ಟರಲ್ಲಿ ಎದುರು ತಂಡದ ಉದ್ದ ಜಡೆಯವಳು ಒಬ್ಬಳೇ ನುಗ್ಗಿ ಬಂದಳು. ಸೊಸೆ ಅಭ್ಯಾಸಬಲದಿಂದ ಎಡಕ್ಕೆ ಹಾರಿದಳು. ಜಡೆಯವಳು ಅದಕ್ಕೇ ಕಾದಿದ್ದವಳಂತೆ, ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ ಚೆಂಡನ್ನು ಬಲಕ್ಕೆ ತಳ್ಳಿದಳು. ಗೋಲು.

ವಿರಾಮದಲ್ಲಿ ಕೋಚ್ ಬೈಯಲಿಲ್ಲ. "ಇಲ್ಲಿಯವ್ರು ಗೋಲು ನೋಡಿ ಒದೆಯಲ್ಲ, ನಿನ್ನನ್ನ ನೋಡಿ ಒದೀತಾರೆ. ನೀನು ಮೊದ್ಲು ಅಲುಗಾಡಿದ್ರೆ ಕೆಟ್ಟೆ. ಸುಮ್ನೆ ನಿಂತ್ಕೊ."

ಜಡೆಯವಳು ಮತ್ತೆ ಬಂದಾಗ ಸೊಸೆ ಬಸ್ಸಿಗೆ ಕಾಯುವವಳ ಹಾಗೆ ನಿಂತಳು. ಜಡೆಯವಳು ಒಂದು ಸಲ ಒದೆಯುವಂತೆ ನಟಿಸಿದಳು, ಇನ್ನೊಂದು ಸಲ ನಟಿಸಿದಳು. ಕೊನೆಗೆ ದಾರಿ ಕಾಣದೆ ಒದ್ದದ್ದು ನೇರವಾಗಿ ಸೊಸೆಯ ಹೊಟ್ಟೆಗೆ ಬಿತ್ತು. ಉಸಿರು ಕಟ್ಟಿದರೂ ಚೆಂಡು ಬಿಡಲಿಲ್ಲ. ಕೊನೆಗೆ ಸೊಸೆಯ ತಂಡವೂ ಒಂದು ಹೊಡೆದು, ಪಂದ್ಯ ಒಂದೊಂದು ಗೋಲಿನಿಂದ ಸಮವಾಯಿತು.

ಹೊರಗೆ ಅತ್ತೆಯ ಗಂಟಲು ಪೂರಾ ಕಟ್ಟಿತ್ತು. "ತೊಂಬತ್ತು ನಿಮಿಷ ಮೊಣಕಾಲು, ಮೊಣಕಾಲು ಅಂತ ಕೂಗಿದ್ದೀನಿ. ಪಕ್ಕದ ಸೀಟಿನವನು ಮುಲಾಮು ಬೇಕಾ ಅಂತ ಕೇಳ್ದ" ಎಂದು ಪಿಸುಗುಟ್ಟಿದರು.

ನಾಲ್ಕು ವಾರ ಸೊಸೆ ದೊಡ್ಡ ಮೈದಾನದಲ್ಲಿ ನಿಂತಳು. ಆಮೇಲೆ ಬೆರಳು ವಾಸಿಯಾಯಿತು, ಬೆರಳಿನವಳು ವಾಪಸ್ ಬಂದಳು. ಎರಡನೇ ತಂಡಕ್ಕೆ ಮರಳುವಾಗ ಸೊಸೆಗೆ ಬೇಜಾರಾಯಿತು, ನಿಜ. ಆದರೆ ಇನ್ನು ಇಲ್ಲಿಯ ಎದುರಾಳಿಗಳನ್ನೆಲ್ಲ ಆಟ ಆಡಿಸಬಹುದು ಎಂಬ ಹಮ್ಮೂ ಒಳಗೊಳಗೇ ಇತ್ತು.

ಮೊದಲ ಪಂದ್ಯದಲ್ಲೇ ಒಬ್ಬಳು ಏದುಸಿರು ಬಿಡುತ್ತ ಎದುರು ಬಂದಳು. ಸೊಸೆ ಅಲುಗಾಡದೆ, ಗಂಭೀರವಾಗಿ ನಿಂತಳು. ಅವಳು ಕಣ್ಣು ಮುಚ್ಚಿ ಒದ್ದಳು. ಗೋಲು. ಐದು ನಿಮಿಷದಲ್ಲಿ ಅವಳೇ ಮತ್ತೆ ಬಂದಳು, ಮತ್ತೆ ಗೋಲು.

ಅತ್ತೆ ಕುರ್ಚಿಯಿಂದ ಎದ್ದು ಬಲೆಗೆ ಮುಖ ತಾಗಿಸಿದರು. "ಕಂಬದ ಹಾಗೆ ಯಾಕೆ ನಿಂತಿದ್ದೀಯೇ?"

"ಅವಳು ನನ್ನನ್ನ ನೋಡ್ಲಿ ಅಂತ ಕಾಯ್ತಿದ್ದೆ ಅತ್ತೆ."

"ಅವಳು ಚೆಂಡನ್ನೇ ನೋಡ್ತಿಲ್ಲ, ಇನ್ನು ನಿನ್ನನ್ನೆಲ್ಲಿ ನೋಡ್ತಾಳೆ?"

ಮೂರನೆಯದು ಸೊಸೆಯದೇ ತಂಡದವಳೊಬ್ಬಳ ಬೆನ್ನಿಗೆ ಬಡಿದು ಒಳಗೆ ಬಂತು. ಬಲೆಯಿಂದ ಚೆಂಡು ಎತ್ತಿಕೊಳ್ಳುವಾಗ, ಕೋಚ್ ಹೇಳಿಕೊಟ್ಟ ಪಾಠ ನೆನಪಾಗಿ ಸೊಸೆಗೆ ನಗು ತಡೆಯಲಾಗಲಿಲ್ಲ.