ಹದಿನೆಂಟು ಡಿಗ್ರಿಯ ಊರು

ಟ್ರೌಫ್‌ಬಾಖ್ ಊರಿನಲ್ಲಿ ಒಂದು ಬೆಂಕಿಕಡ್ಡಿ ಗೀರಿದರೆ ಮೂರು ಮನೆಯ ಒಲೆ ಹೊತ್ತುತ್ತಿತ್ತು. ನಾಲ್ಕನೆಯ ಮನೆಯವನು ಉಳಿದ ತುಂಡಿನಲ್ಲಿ ಹಲ್ಲು ಚುಚ್ಚಿಕೊಳ್ಳುತ್ತಿದ್ದ. ಶ್ವಾಬಿಯಾ ಸೀಮೆಯವರ ಕೈಬಿಗಿಯನ್ನು ಇಡೀ ಜರ್ಮನಿ ಆಡಿಕೊಳ್ಳುತ್ತದೆ. ಆ ಶ್ವಾಬಿಯಾದವರೇ ಟ್ರೌಫ್‌ಬಾಖ್‌ನವರನ್ನು ಆಡಿಕೊಳ್ಳುತ್ತಾರೆ.

ಇಂಥ ಊರಿನ ಇನ್ನೂರ ಹನ್ನೆರಡು ಮನೆಗಳ ಎಣ್ಣೆ ಹೀಟರುಗಳನ್ನು ಕಿತ್ತು ಹೊಗೆಯಿಲ್ಲದ ಬಿಸಿ ತರಿಸುವ ಕೆಲಸ ಪುರಸಭೆಯ ಹೆಡ್ವಿಗ್ ಆಯ್ಶೆಲೆಯ ಹೆಗಲಿಗೆ ಬಿದ್ದಿತ್ತು. ಬಿಸಿಗೇನೂ ಬರವಿರಲಿಲ್ಲ. ಗುಡ್ಡದ ಮೇಲಿನ ಚೀಸ್ ಕಾರ್ಖಾನೆ ಹಾಲೊಡಕಿನಿಂದಲೇ ಅನಿಲ ತೆಗೆದು ಉರಿಸುತ್ತಿತ್ತು, ಮಿಕ್ಕ ಕುದಿನೀರನ್ನು ಹಳ್ಳಕ್ಕೆ ಬಿಡುತ್ತಿತ್ತು. ಆ ಹಳ್ಳದ ಮೀನು ಹುಟ್ಟುವಾಗಲೇ ಅರ್ಧ ಬೆಂದಿರುತ್ತಿತ್ತು. ಮೂರು ಕಿಲೋಮೀಟರ್ ಕೊಳವೆ ಹೂತರೆ ಆ ಬಿಸಿಯೆಲ್ಲ ಊರಿಗೆ. ಆದರೆ ಕೊಳವೆಯ ಪ್ರತಿ ಮೀಟರಿಗೆ ವರ್ಷಕ್ಕೆ ಸಾವಿರದ ಐನೂರು ಯೂನಿಟ್ ಬಿಸಿ ಖರ್ಚಾಗಲೇಬೇಕು. ಅದಕ್ಕಿಂತ ಕಡಿಮೆಯಾದರೆ ಕಾರ್ಖಾನೆಯ ಒಡತಿ ಫ್ರೌ ಬುರ್ಲಾಫಿಂಗರ್ ಒಪ್ಪಳು. ಗುರುವಾರದ ಸಭೆಯಲ್ಲಿ ಲೆಕ್ಕ ಕೂಡದಿದ್ದರೆ ಕೊಳವೆ ಗುಡ್ಡದ ಆಚೆ ಮಗ್ಗುಲಿಗೆ, ಹಿಂಟರ್‌ವೈಲರ್ ಊರಿಗೆ ಇಳಿಯುತ್ತದೆ. ಟ್ರೌಫ್‌ಬಾಖ್‌ನವರು ಹಿಂಟರ್‌ವೈಲರಿನವರಿಗೆ ಏಳು ತಲೆಮಾರಿನಿಂದ ಹೆಣ್ಣು ಕೊಟ್ಟಿಲ್ಲ, ಏಣಿಯನ್ನೂ ಕೊಟ್ಟಿಲ್ಲ.

ಎಷ್ಟು ಎಣ್ಣೆ ಸುಡುತ್ತೀರಿ, ಮನೆ ಎಷ್ಟು ಡಿಗ್ರಿ ಇಡುತ್ತೀರಿ ಎಂದು ಊರವರಿಂದ ಬರೆಸಿಕೊಂಡಿದ್ದ ಕಾಗದಗಳನ್ನು ಸೋಮವಾರ ಹೆಡ್ವಿಗ್ ಕೂಡಿಸಿದಳು. ಮೀಟರಿಗೆ ನಾನೂರು ಯೂನಿಟ್ ಬಂತು. ಮತ್ತೆ ಕೂಡಿಸಿದಳು. ಕಿಟಕಿಗೆ ಹೋಗಿ ಬಂದು, ಪೆನ್ಸಿಲ್ ಬದಲಿಸಿ, ಕೆಳಗಿನಿಂದ ಮೇಲಕ್ಕೆ ಕೂಡಿಸಿದಳು. ನಾನೂರೇ. ಕಾಗದ ನಂಬುವುದಾದರೆ ಊರಿಗೆ ಊರೇ ಫೆಬ್ರವರಿಯ ಹಿಮದಲ್ಲೂ ಕೋಳಿಗೂಡಿನಷ್ಟೇ ಬಿಸಿಯಲ್ಲಿ ಬದುಕಿತ್ತು. ಹೆಚ್ಚುಕಡಿಮೆ ಎಲ್ಲರೂ ಬರೆದಿದ್ದು ಒಂದೇ: ಹದಿನೆಂಟು ಡಿಗ್ರಿ, ಬಿಸಿ ಮಾಡುವುದು ಒಂದೇ ಕೋಣೆ.

ಅವಳು ಚಿಮಣಿ ಗುಡಿಸುವ ವೆಂಡೆಲಿನ್ ಕ್ನಾಯ್ಸ್ಲೆಯ ಬಳಿಗೆ ಓಡಿದಳು. ಊರಿನ ಪ್ರತಿ ಹೊಗೆಗೊಳವೆಯೊಳಗೂ ತಲೆ ಹಾಕಿದ್ದ ಆಸಾಮಿ ಅವನು. ಅವನು ನಕ್ಕ ರಭಸಕ್ಕೆ ಹೆಂಚಿನ ಮೇಲಿನ ಪಾರಿವಾಳಗಳು ಹಾರಿ ಆಸ್ಟ್ರಿಯಾ ಸೇರಿದವು.

"ಹದಿನೆಂಟು ಡಿಗ್ರಿಯಾ? ಅಲ್ಲ ಹೆಡ್ವಿಗ್, ಇವರ ಮನೇಲಿ ನಾನು ಕೋಟು ಬಿಚ್ಚದೆ ಒಂದು ನಿಮಿಷ ನಿಂತಿಲ್ಲ!"

"ಹಾಗಾದ್ರೆ ಯಾರ ಮನೇಲಿ ಎಷ್ಟು ಉರಿಯುತ್ತೆ ಅಂತ ಬರ್ಕೊಂಡಿರೋ ನಿನ್ನ ಪುಸ್ತಕ ಕೊಡು."

"ಕೊಟ್ರೆ ಕಾನೂನು ನನ್ನ ಏಣೀನೇ ಕಿತ್ಕೊಳ್ಳುತ್ತೆ. ಒಂದು ಕೇಳ್ತೀನಿ, ಹೇಳು. ಕಾಗದ ತುಂಬಿ ಹಾಕೋ ಆ ಪೆಟ್ಟಿಗೇನ ಎಲ್ಲಿಟ್ಟಿದ್ದೆ?"

"ಬೇಕರೀಲಿ. ಎಲ್ರೂ ಬರ್ತಾರಲ್ಲ ಅಂತ."

"ಅಯ್ಯೋ ತಾಯಿ! ಪಕ್ಕದ ಮನೆಯೋಳು ಬ್ರೆಡ್ಡಿಗೆ ಕ್ಯೂ ನಿಂತು ಹೆಗಲ ಮೇಲಿಂದ ಇಣುಕ್ತಿರ್ತಾಳೆ. ಅವಳ ಎದುರಿಗೆ ಯಾವ ಶ್ವಾಬಿಯಾದೋನು ಎರಡು ಸಾವಿರ ಲೀಟರ್ ಎಣ್ಣೆ ಅಂತ ಬರೀತಾನೆ? ಅದಕ್ಕಿಂತ ಬರೀ ಮೈಯಲ್ಲಿ ಚರ್ಚಿಗೆ ಹೋದಾನು."

ಮಂಗಳವಾರ ಹೆಡ್ವಿಗ್ ಚಿಕ್ಕಮ್ಮ ರ್ಯೋಸ್ಲೆಯ ಬಾಗಿಲು ತಟ್ಟಿದಳು. ಒಳಗಿನಿಂದ ಬಂದ ಸೆಕೆ ಅವಳ ಕನ್ನಡಕವನ್ನು ಮಸುಕಾಗಿಸಿತು. ಎಪ್ಪತ್ತೆಂಟರ ಮುದುಕಿ ತೋಳಿಲ್ಲದ ರವಿಕೆಯಲ್ಲಿ ಕೂತು ನೂಡಲ್ ಹಿಟ್ಟು ತಟ್ಟುತ್ತಿದ್ದಳು. ಕಿಟಕಿಯಲ್ಲಿ ಟೊಮೆಟೊ ಹಣ್ಣಾಗಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಬಾಳೆಗೊನೆಯೂ ಬಿಡುತ್ತಿತ್ತು.

"ಹದಿನೇಳು ಡಿಗ್ರಿ ಅಂತ ಬರೆದಿದ್ದೀಯಲ್ಲ ಚಿಕ್ಕಮ್ಮ!"

"ನನ್ನ ಮುಂದೆ ನಿಂತಿದ್ದೋಳು ಹದಿನೆಂಟು ಅಂತ ಬರೆದಳು. ನಾನು ಅವಳಿಗಿಂತ ಒಂದು ಕಡಿಮೆ ಇರಬೇಡ್ವಾ?" ಎಂದು ಮುದುಕಿ ಹಿಟ್ಟಿಗೆ ಒಂದು ಗುದ್ದು ಹಾಕಿದಳು. "ನನ್ನೇನು ಕೇಳ್ತೀಯ. ನೀನೇನು ಬರೆದೆ?"

ಹೆಡ್ವಿಗ್ ಕನ್ನಡಕ ಒರೆಸಿಕೊಂಡು ಹೊರಬಿದ್ದಳು. ಎರಡು ವರ್ಷದಿಂದ ಶಾಲೆಯಲ್ಲಿ, ಹೆಂಗಸರ ಸಂಘದಲ್ಲಿ, ಅಗ್ನಿಶಾಮಕ ದಳದ ಊಟದಲ್ಲಿ "ಹದಿನೆಂಟು ಸಾಕು, ಸ್ವೆಟರ್ ಹಾಕ್ಕೊಳ್ಳಿ" ಎಂದು ಊರಿಗೆ ಪಾಠ ಹೇಳಿದವಳು ಅವಳೇ. ಅವಳ ಕಾಗದದಲ್ಲೂ ಹದಿನೆಂಟೇ ಇತ್ತು.

ಬುಧವಾರ ಮೇಯರ್ ಟ್ರೌಗೊಟ್ ಹೆಗೆಲೆ ಸಹಾಯ ಮಾಡಲು ಹೊರಟು ಎಲ್ಲ ಕೆಡಿಸಿದ. ಬೇಕರಿಯಲ್ಲಿ ನಿಂತು, "ಬರೆದಷ್ಟೇ ಬಿಸಿ ಬರೋದು! ಕಡಿಮೆ ಬರೆದೋರು ನಡುಗಿ!" ಎಂದುಬಿಟ್ಟ. ಮಧ್ಯಾಹ್ನದೊಳಗೆ ಪುರಸಭೆಯ ಮೆಟ್ಟಿಲ ಮೇಲೆ ಇಡೀ ಊರು ನಿಂತಿತ್ತು, ಹೊಸ ಕಾಗದ ಹಿಡಿದು. ಈ ಸಲ ಕೂಡಿಸಿದರೆ ಮೀಟರಿಗೆ ಆರು ಸಾವಿರ. ಆ ಬಿಸಿಯಲ್ಲಿ ಆಲ್ಪ್ಸ್ ಪರ್ವತದ ಹಿಮವೆಲ್ಲ ಕರಗಿ ಟ್ರೌಫ್‌ಬಾಖ್‌ಗೆ ಬಂದರು ಕಟ್ಟಬೇಕಾಗುತ್ತಿತ್ತು.

"ಈಗ ಸಾಕಷ್ಟಾಯ್ತಲ್ಲ?" ಎಂದ ಮೇಯರ್.

"ಫ್ರೌ ಬುರ್ಲಾಫಿಂಗರ್ ಇದನ್ನ ನೋಡಿದ್ರೆ ನನ್ನನ್ನ ಹಾಲಿನ ಕೊಪ್ಪರಿಗೇಲಿ ಮುಳುಗಿಸ್ತಾರೆ, ಹೆರ್ ಹೆಗೆಲೆ. ಅದೂ ಸುಳ್ಳು, ಇದೂ ಸುಳ್ಳು."

ಅವಳು ಸಂಜೆಯವರೆಗೂ ಊರಿನ ಬೀದಿಗಳನ್ನು ಅಳೆದಳು. ಪ್ರತಿ ಚಿಮಣಿಯ ಹೊಗೆ ಎಣಿಸಿದಳು, ಎಣಿಕೆ ತಪ್ಪಿತು, ಮತ್ತೆ ಸುತ್ತಿದಳು. ಅವಳ ತಿರುಗಾಟಕ್ಕೆ ಕೆಳಬೀದಿಯ ಕಲ್ಲುಹಾಸು ಎರಡು ಅಂಗುಲ ಸವೆಯಿತು.

ಗುರುವಾರ ನಾಲ್ಕು ಗಂಟೆಗೆ ವ್ಯಾಯಾಮಶಾಲೆ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಫ್ರೌ ಬುರ್ಲಾಫಿಂಗರ್ ಕೈಕಟ್ಟಿ ಕೂತಿದ್ದಳು, ಪಕ್ಕದಲ್ಲಿ ಕಪ್ಪು ಬಟ್ಟೆಯ ವೆಂಡೆಲಿನ್. ಹೆಡ್ವಿಗ್ ಎರಡೂ ಕಟ್ಟು ಕಾಗದಗಳನ್ನು ಮೇಜಿನ ಕೆಳಗೆ ಎಸೆದಳು.

"ಎರಡೂ ಕಸ," ಎಂದಳು. "ನನ್ನ ಮನೆಯಿಂದ ಶುರು ಮಾಡ್ತೀನಿ. ನಾನು ಬರೆದಿದ್ದು ಐನೂರು ಲೀಟರ್. ಸುಡೋದು ಮೂರು ಸಾವಿರದ ನಾನೂರು."

ಸಭೆಯ ಕುರ್ಚಿಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು.

"ಎಷ್ಟು ಜನಕ್ಕೆ?" ಎಂದು ಹಿಂದಿನಿಂದ ಬೇಕರಿಯವಳು ಕೂಗಿದಳು.

"ಒಬ್ಬಳಿಗೆ. ಬಚ್ಚಲುಮನೆ ಇಪ್ಪತ್ತಾರು ಡಿಗ್ರಿ. ಮಲಗುವಾಗ ಹೀಟರ್ ಆರಿಸದೇನೇ ಕಿಟಕಿ ತೆಗೀತೀನಿ."

"ನಮಗೆ ಸ್ವೆಟರ್ ಹಾಕ್ಸಿದೋಳು ನೀನೇ ಅಲ್ವೇನೇ!"

"ನಾನೇ. ನಾಳೆಯಿಂದ ಬೀದೀಲಿ ನನ್ನ ಮುಖಕ್ಕೆ ಉಗೀರಿ, ಬೇಡ ಅನ್ನಲ್ಲ. ಇವತ್ತು ಮಾತ್ರ ನಿಜ ಹೇಳಿ. ಇಲ್ಲಾಂದ್ರೆ ಈ ಚಳಿಗಾಲ ಕಳೆಯೋದ್ರೊಳಗೆ ಹಿಂಟರ್‌ವೈಲರಿನೋರು ನಮ್ಮ ಗುಡ್ಡದ ಬಿಸೀಲಿ ಕಾಲು ಚಾಚಿರ್ತಾರೆ."

ಗುಸುಗುಸು ಎದ್ದಿತು. ಕಿಸಕ್ಕನೆ ನಕ್ಕರು ಕೆಲವರು. ಹೆಡ್ವಿಗ್‌ಳ ಕಿವಿ ಕೆಂಪಗೆ ಕಾದು, ಅದರಿಂದಲೇ ನಾಲ್ಕು ಮನೆಗೆ ಸಂಪರ್ಕ ಕೊಡಬಹುದಿತ್ತು. ಕೊನೆಗೆ ರ್ಯೋಸ್ಲೆ ಚಿಕ್ಕಮ್ಮ ಕೋಲೂರಿ ಎದ್ದಳು.

"ಎರಡು ಸಾವಿರದ ಒಂಬೈನೂರು! ಯಾರಿಗೇನು? ನನ್ನ ಮಂಡಿಗೆ ಬಿಸಿ ಬೇಕು!"

ವೆಂಡೆಲಿನ್ ಸುಮ್ಮನಿದ್ದ. ಅವಳ ನಂತರ ಎದ್ದವನೊಬ್ಬ, "ನಮ್ಮದು ಎಂಟುನೂರು" ಎಂದ. ವೆಂಡೆಲಿನ್ ಕೆಮ್ಮಿದ. ಆ ಕೆಮ್ಮಿಗೆ ಕಿಟಕಿಯ ಗಾಜು ಗಡಗಡಿಸಿತು.

"ಏನಯ್ಯ, ನೆಗಡಿಯಾ?" ಎಂದ ಅವನು.

"ನಲವತ್ತು ವರ್ಷದ ಮಸಿ, ಒಂದೊಂದು ಮಾತು ಕೇಳಿದಾಗ ಮೇಲೆ ಬರುತ್ತೆ."

"ಸರಿ, ಸರಿ. ಸಾವಿರದ ಒಂಬೈನೂರು ಬರ್ಕೊಳ್ಳಮ್ಮ."

ಅಲ್ಲಿಂದ ಮುಂದೆ ಕಡಿಮೆ ಹೇಳಿದವನಿಗೂ ಕೆಮ್ಮು, ಹೆಚ್ಚು ಹೇಳಿದವನಿಗೂ ಕೆಮ್ಮು. ಒಂದೂವರೆ ಗಂಟೆಯಲ್ಲಿ ಇಡೀ ಊರು ಬರೀ ಮೈಯಲ್ಲಿ ನಿಂತಂತಾಗಿತ್ತು. ಹೆಡ್ವಿಗ್ ಕೂಡಿಸಿದಳು. ಮೀಟರಿಗೆ ಸಾವಿರದ ನಾನೂರ ತೊಂಬತ್ತೆಂಟು.

"ಎರಡು ಕಡಿಮೆ," ಎಂದಳು ಫ್ರೌ ಬುರ್ಲಾಫಿಂಗರ್. "ನಾನು ಹಾಲು ಅಳೆಯೋಳು. ಎರಡು ಅಂದ್ರೆ ಎರಡೇ." ಅವಳು ಕೋಟಿನ ಗುಂಡಿ ಹಾಕತೊಡಗಿದಳು.

ಹೆಡ್ವಿಗ್‌ಳ ಬೆರಳು ಪಟ್ಟಿಯ ಮೇಲೆ ಮೇಲಕ್ಕೂ ಕೆಳಕ್ಕೂ ಓಡಿತು. ಮೀಟರಿಗೆ ಎರಡೆಂದರೆ ಮೂರು ಕಿಲೋಮೀಟರಿಗೆ ಆರು ಸಾವಿರ ಯೂನಿಟ್; ಲೀಟರಿಗೆ ಹತ್ತರಂತೆ ಆ ಆರುನೂರು ಲೀಟರ್ ಎಣ್ಣೆ ಎಲ್ಲಿ ಬಚ್ಚಿಟ್ಟುಕೊಂಡಿದೆ? ಬೆರಳು ಮೇಯರನ ಹೆಸರಿನ ಮೇಲೆ ನಿಂತಿತು. ಅವನು ಸಾವಿರದ ಎಂಟುನೂರು ಎಂದಾಗ ವೆಂಡೆಲಿನ್ ಕೆಮ್ಮಿರಲಿಲ್ಲ, ನಿಜ. ಆದರೆ ಪ್ರಶ್ನೆ ಕೇಳಿದ್ದು ಮನೆಗೆ ಮಾತ್ರ; ನಿನ್ನೆ ಎಣಿಸುವಾಗ ಅವನ ಕೊಟ್ಟಿಗೆಯ ಮೇಲೂ ಹೊಗೆ ಎದ್ದಿತ್ತು.

"ಹೆರ್ ಹೆಗೆಲೆ, ನಿಮ್ಮ ಕೊಟ್ಟಿಗೆಗೆ ಹೀಟರ್ ಇದೆಯಾ?"

"ಕೊಟ್ಟಿಗೆಗಾ? ಛೆ ಛೆ! ಅಲ್ಲಿ ಹಳೇ ಟ್ರ್ಯಾಕ್ಟರ್ ಬಿಟ್ರೆ ಇನ್ನೇನಿದೆ..."

ವೆಂಡೆಲಿನ್ ಕೆಮ್ಮಿದ ಕೆಮ್ಮಿಗೆ ಗೋಡೆಯ ಮೇಲಿದ್ದ ಕಸರತ್ತಿನ ಏಣಿಗಳು ಅಲುಗಾಡಿದವು. ಮೇಯರನ ಹೆಂಡತಿ ಗಂಡನ ಕಡೆ ನಿಧಾನವಾಗಿ ತಿರುಗಿದಳು.

"ಟ್ರೌಗೊಟ್. ನಾನು ಅಡುಗೆಮನೇಲಿ ಉಣ್ಣೆ ಟೋಪಿ ಹಾಕ್ಕೊಂಡು ಆಲೂಗಡ್ಡೆ ಸುಲೀತೀನಿ."

"ಅಪ್ಪನ ಕಾಲದ ಗಾಡಿ ಕಣೇ," ಎಂದ ಮೇಯರ್, ಮೇಣದ ಹಾಗೆ ಕರಗಿ. "ಚಳೀಲಿ ಅದರ ಬಣ್ಣ ಬಿರೀತದೆ. ಒಂಬೈನೂರು ಲೀಟರ್... ಅಷ್ಟೇ."

"ಸಾವಿರದ ಐನೂರ ಒಂದು!" ಎಂದು ಹೆಡ್ವಿಗ್ ಕಿರುಚಿದಳು.

ಫ್ರೌ ಬುರ್ಲಾಫಿಂಗರ್ ಪಟ್ಟಿಯನ್ನು ಕಸಿದುಕೊಂಡು ತಾನೇ ಕೂಡಿಸಿದಳು, ತುಟಿ ಅಲ್ಲಾಡಿಸುತ್ತಾ. ಆಮೇಲೆ ಕೋಟು ಬಿಚ್ಚಿ ಕುರ್ಚಿಗೆ ತೂಗುಹಾಕಿದಳು.

"ನಕಾಶೆ ಬಿಚ್ಚಿ. ಮೊದಲು ಯಾವ ಬೀದಿ ಅಗೆಯೋದು?"

ಇನ್ನೂರ ಹನ್ನೆರಡು ಮನೆಯವರೂ ಒಟ್ಟಿಗೆ ಮೇಜಿಗೆ ಮುಗಿಬಿದ್ದರು, ತಮ್ಮ ತಮ್ಮ ಬಾಗಿಲಿಗೆ ಬೆರಳಿಟ್ಟು. ಮೇಯರನ ಹೆಂಡತಿ ಎಲ್ಲರನ್ನೂ ಮೊಣಕೈಯಲ್ಲಿ ಸರಿಸಿ ಬಂದು, ಹೆಡ್ವಿಗ್‌ಳ ಕೈಯ ಕೆಂಪು ಪೆನ್ಸಿಲ್ ತೆಗೆದುಕೊಂಡು, ತನ್ನ ಅಡುಗೆಮನೆಯ ಸುತ್ತ ದಪ್ಪ ಗೆರೆ ಎಳೆದಳು. ಅದರ ಪಾಲಿನ ಬಿಸಿಯೂ ಇನ್ನು ಇಲ್ಲಿಗೇ ಎಂದು ಕೊಟ್ಟಿಗೆಯನ್ನು ಗೆರೆಯ ಹೊರಗೆ ಬಿಟ್ಟಳು.