ರುದ್ರಮುನಿಗೆ ಕೇಳಿಸಿದ್ದು

ಅಕ್ಕಿ ತೊಳೆದ ನೀರು ಬಗ್ಗಿಸುತ್ತಿದ್ದೆ. ಮಗ ಕೊಟ್ಟೂರೇಶ್ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟ. ಅವನ ಕಣ್ಣು ಕರೆಂಟ್ ಕುಕ್ಕರಿನ ಮೇಲಿತ್ತು.

"ಅವ್ವಾ, ಈ ವೈರು ಇಲ್ಲಿಗೆ ಹೆಂಗೆ ಬಂತು?"

"ನೀನೇ ತಂದಿದ್ದಲ್ಲೋ? ಹಳೇದರ ತುದಿ ಸುಟ್ಟೈತೆ, ಹೊಸದು ತಾ ಅಂದಿದ್ದೆ. ಆಯುಧಪೂಜೆ ಮಾರನೇ ದಿನ ನೋಡಿದರೆ ಇದಿತ್ತು."

"ನಾನೆಲ್ಲಿ ತಂದೆ? ಮರೆತೇಬಿಟ್ಟಿದ್ದೆ. ಅವ್ವಾ, ಇದು ಅಪ್ಪಾಜಿ ಆಂಪ್ಲಿಫೈಯರಿಂದು!"

ಪಾತ್ರೆ ಕೈಯಲ್ಲೇ ಉಳಿಯಿತು.

ಯಜಮಾನರು ಪಂಚಾಕ್ಷರಪ್ಪನವರಿಗೆ ಊಟಕ್ಕಿಂತ ಹಾಡು ಹೆಚ್ಚು. ದಸರೆಗೆ ಮುಂಚೆ ಯಾರೋ ಅಂಗಡಿಯವರು ಅವರ ತಲೆ ತುಂಬಿದ್ದರು: ಮಾಮೂಲಿ ವೈರಿನಲ್ಲಿ ಕರೆಂಟು ಕೆಟ್ಟು ಬರುತ್ತದೆ, ಈ ದಪ್ಪ ವೈರು ಹಾಕಿದರೆ ಹಾಡಿನ ಕಳೆಯೇ ಬೇರೆ ಎಂದು. ಹಾವಿನ ಗಾತ್ರದ, ಮೇಲೆ ಜಾಲರಿ ನೇಯ್ದ ಅದನ್ನು ಬೊಂಬಾಯಿಯಿಂದ ತರಿಸಿದರು. ಆಂಪ್ಲಿಫೈಯರ್ ಪೆಟ್ಟಿಗೆಯ ಹಿಂದೆ ಸಿಕ್ಕಿಸಿದ್ದರಿಂದ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ.

ಆಯುಧಪೂಜೆಗೆ ನಮ್ಮಲ್ಲಿ ಮನೆಯ ಯಂತ್ರಗಳನ್ನೆಲ್ಲ ಬಿಚ್ಚಿ, ಒರೆಸಿ, ವಿಭೂತಿ ಹಚ್ಚಿ ದೇವರ ಮುಂದೆ ಇಡುತ್ತೇವೆ. ವೈರುಗಳೂ ಅಲ್ಲೇ ಒಂದು ರಾಶಿ. ಮಾರನೇ ದಿನ ಮೊಮ್ಮಗಳು ಪೂಜಾ ಎಲ್ಲವನ್ನೂ ತಿರುಗಿ ಜೋಡಿಸಿದ್ದಳು. ಎರಡು ವೈರಿನ ತುದಿಯೂ ಒಂದೇ ತರ. ಯಾವುದು ಎಲ್ಲಿಗೆ ಹೋಯಿತೆಂದು ಯಾರು ನೋಡಿದರು?

ನನಗೆ ಥಟ್ಟನೆ ಮೈದುನನ ನೆನಪಾಯಿತು. ಏಕೆಂದರೆ ದೀಪಾವಳಿ ಬಂದದ್ದು ಆಮೇಲೆ.

ಮೈದುನ ರುದ್ರಮುನಿ ಹರಿಹರದಲ್ಲಿರುತ್ತಾನೆ. ನಾನು ಈ ಮನೆಗೆ ಬಂದಾಗ ಚಡ್ಡಿ ಹಾಕುತ್ತಿದ್ದ ಹುಡುಗ. ತಲೆಗೆ ಎಣ್ಣೆ ಹಚ್ಚಿ ಬೆಳೆಸಿದವಳು ನಾನು. ಯಂತ್ರಗಳ ಸದ್ದಿನಲ್ಲಿ ದುಡಿದು ಅವನ ಕಿವಿ ತುಸು ಮಂದವಾಗಿದೆ. ದೀಪಾವಳಿಗೆ ಬಂದವನನ್ನು ಅಣ್ಣ ಸ್ಪೀಕರ್ ಮುಂದೆ ಕೂರಿಸಿದರು. "ಹೊಸ ವೈರು ಹಾಕೀನಿ. ಹೆಂಗೈತೆ ಹೇಳು."

ಹಾಡು ಪೂರ್ತಿ ಕೇಳಿ ಅವನೆಂದ: "ಮೊದಲಿನಂಗೇ ಐತಲ್ಲಣ್ಣ."

"ಕಿವುಡಗೇನು ತಿಳೀತೈತೆ!"

ಬೀಗರೆಲ್ಲ ಕೂತಿದ್ದರು. ರುದ್ರಮುನಿ ಎದ್ದು ಹೋದವನು ಮತ್ತೆ ಬರಲಿಲ್ಲ. ಹರಿಹರದ ಒಂದು ಮದುವೆಯಲ್ಲಿ ಸಿಕ್ಕಾಗ, "ಅಣ್ಣ ತಾನೇ ಕರೀಲಿ ಅತ್ತಿಗೆ, ಓಡಿ ಬರ್ತೀನಿ" ಅಂದಿದ್ದ. ಫೋನಿನಲ್ಲಿ ಅವನಿಗೆ ಮಾತು ತಿಳಿಯುವುದಿಲ್ಲ. ಎರಡು ಸಾಲು ಬರೆಯಿರೆಂದು ನಾನು ಕೇಳುತ್ತಲೇ ಇದ್ದೆ. ಯಜಮಾನರದ್ದು ಒಂದೇ ಮಾತು, "ಆಮ್ಯಾಲೆ ಬರೆದ್ರಾತು ಬಿಡು."

ಕುಕ್ಕರಿನಿಂದ ವೈರು ಕಿತ್ತು ನಡುಮನೆಗೆ ಹೋದೆ. ಪಕ್ಕದ ಮನೆಯ ಬಕ್ಕೇಶಪ್ಪನವರ ಮುಂದೆ ಯಜಮಾನರು ಕಣ್ಣುಮುಚ್ಚಿ ತಲೆದೂಗುತ್ತಿದ್ದರು.

"ಕೇಳ್ರಿ, ತಬಲಾದ ಒಂದೊಂದು ಬೆರಳೂ ಬ್ಯಾರೆ ಬ್ಯಾರೆ! ಎಲ್ಲಾ ಆ ವೈರಿನ ಮಹಿಮೆ."

"ಆ ವೈರು ಇಲ್ಲೈತ್ರಿ" ಎಂದು ಕೈ ಮುಂದೆ ಮಾಡಿದೆ. "ದಸರೆಯಿಂದ ಅನ್ನ ಮಾಡ್ತೈತೆ."

ಕಣ್ಣು ಬಿಟ್ಟರು. ನನ್ನನ್ನು ನೋಡಿದರು, ವೈರನ್ನು ನೋಡಿದರು. ಎದ್ದು ಪೆಟ್ಟಿಗೆಯನ್ನು ದರದರನೆ ಎಳೆದರು. ಹಿಂದೆ ನೇತಾಡುತ್ತಿತ್ತು, ತುದಿ ಸುಟ್ಟು ಅರಿಶಿನ ಮೆತ್ತಿದ ನನ್ನ ಕುಕ್ಕರಿನ ವೈರು.

"ಹಂಗಾರೆ ಇಷ್ಟು ದಿನ ತಬಲಾ ಕೇಳಿದ್ದು ನಿಮ್ಮ ಮನೆ ಅನ್ನ" ಅಂದರು ಬಕ್ಕೇಶಪ್ಪ. ಯಾರೂ ನಗಲಿಲ್ಲ.

ಕೊಟ್ಟೂರೇಶ್ ದಪ್ಪ ವೈರು ಸಿಕ್ಕಿಸಿ ಅದೇ ಹಾಡು ಹಚ್ಚಿದ. ಯಜಮಾನರು ಸ್ಪೀಕರಿಗೆ ಕಿವಿಯಿಟ್ಟು ಕೇಳಿದರು. ಮತ್ತೆ ಹಳೇದು ಹಾಕಿಸಿದರು, ಮತ್ತೆ ಹೊಸದು. ಕೊನೆಗೆ ಕೈಯೆತ್ತಿ ನಿಲ್ಲಿಸಿದರು.

"ಏನೂ ಫರಕಿಲ್ಲೋ."

"ರುದ್ರಮುನಿ ಕೇಳಿದಾಗ ಈ ವೈರು ಇಲ್ಲಿ ಇರಲೇ ಇಲ್ಲರಿ" ಅಂದೆ. "ಮೊದಲಿನಂಗೇ ಐತೆ ಅಂದ. ಮೊದಲಿನಂಗೇ ಇತ್ತು."

ಅವರು ಕುರ್ಚಿ ಹಿಡಿದು ಕೂತರು. ಬಕ್ಕೇಶಪ್ಪ ಸುಮ್ಮನೆ ಎದ್ದು ಹೋದರು.

ಅನ್ನ ಆಗುವಷ್ಟರಲ್ಲಿ ಯಜಮಾನರು ಒಂದು ಇನ್‌ಲ್ಯಾಂಡ್ ಕಾಗದ ತುಂಬಿಸಿ ನನ್ನ ಮುಂದೆ ಹಿಡಿದರು. ಓದಿದೆ. "ಚಿ. ರುದ್ರಮುನಿಗೆ ಆಶೀರ್ವಾದ. ನಿನ್ನ ಕಿವಿ ಸರಿಯಾಗಿದೆ. ಜನರ ಮುಂದೆ ನಾನು ಆಡಿದ ಮಾತು ತಪ್ಪು. ಮನೆಗೆ ಬಾ. ನೀನು ಬಂದಾಗ ಬೀಗರನ್ನೂ ಕರೆಸುತ್ತೇನೆ, ಅವರ ಮುಂದೆಯೇ ಹೇಳುತ್ತೇನೆ."

"ಕೊಡ್ರಿ ಅಪ್ಪಾಜಿ, ನಾನು ಹಾಕಿ ಬರ್ತೀನಿ" ಅಂದ ಕೊಟ್ಟೂರೇಶ್.

"ಬ್ಯಾಡ."

ಬಿಸಿಲಲ್ಲಿ ಸರಸ್ವತಿ ನಗರದ ತಿರುವಿನವರೆಗೆ ಅವರೇ ನಡೆದರು; ನಾನೂ ಹಿಂದೆ ಹೋದೆ. ಕಾಗದವನ್ನು ಅಂಚೆ ಡಬ್ಬಿಯೊಳಗೆ ಬಿಟ್ಟು, ಒಳಗೆ ಬಿತ್ತೋ ಇಲ್ಲವೋ ಎಂದು ಬೆರಳು ತೂರಿಸಿ ನೋಡಿದರು.